ಸೀಲು ಒತ್ತುವ ಕೈ: ವಿಡಿಯೋ ಗೇಮ್ ಕಥನದಲ್ಲಿ ತಪ್ಪಿನ ಹೊಣೆ

ವಿಡಿಯೋ ಗೇಮಿನ ಕಥೆಯನ್ನು ತೂಗುವವರು ಸಂಭಾಷಣೆ, ಪಾತ್ರಚಿತ್ರಣ, ನಡುನಡುವೆ ಬರುವ ಸಿನಿಮಾದಂಥ ದೃಶ್ಯಗಳನ್ನೇ ಹೆಚ್ಚಾಗಿ ಗಮನಿಸುತ್ತಾರೆ. ಆಟದ ನಿಯಮಗಳೂ ಕಥೆ ಹೇಳುತ್ತವೆ ಎಂಬುದು ಈ ತೂಕಕ್ಕೆ ಸಿಗುವುದಿಲ್ಲ. 2007ರ ‘ಬಯೋಶಾಕ್’ ಬಗ್ಗೆ ಆಟವಿನ್ಯಾಸಕ ಕ್ಲಿಂಟ್ ಹಾಕಿಂಗ್ ಅದೇ ವರ್ಷ ಎತ್ತಿದ ತಕರಾರು ಇಲ್ಲಿ ನೆನಪಾಗುತ್ತದೆ: ನಿಯಮಗಳು ಸ್ವಾರ್ಥಿಯಾಗಲು ಬಿಡುತ್ತವೆ, ಕಥೆ ಮಾತ್ರ ಇನ್ನೊಬ್ಬನಿಗೆ ನೆರವಾಗಲೇಬೇಕೆಂದು ಹಟ ಹಿಡಿಯುತ್ತದೆ. ಇದಕ್ಕೆ ಅವರಿಟ್ಟ ಹೆಸರು ‘ಲೂಡೋನರೇಟಿವ್ ಡಿಸೊನೆನ್ಸ್’. ಆಮೇಲೆ ಎಲ್ಲರೂ ಬಳಸಿ ಬಳಸಿ ಆ ಮಾತು ಸವೆದಿದೆ. ಕೇಳಿದ ಪ್ರಶ್ನೆ ಸವೆದಿಲ್ಲ.

ಲೂಕಾಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ (2013) ನೋಡಿ. ಆರ್ಸ್ಟೋಟ್ಸ್ಕ ಎಂಬ ಕಲ್ಪಿತ ದೇಶ, 1982ರ ಚಳಿಗಾಲ. ಆಟಗಾರ ಗಡಿಯ ತಪಾಸಣಾ ಗುಮಾಸ್ತ. ತಲೆಗಿಷ್ಟು ಎಂದು ಕೂಲಿ. ಅದರಲ್ಲೇ ಮನೆಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ಒಂದು ದಿನ ಸರಿಯಾದ ಕಾಗದಪತ್ರದೊಂದಿಗೆ ಒಬ್ಬಾತ ದಾಟುತ್ತಾನೆ. ಹಿಂದೆಯೇ ಬಂದ ಅವನ ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಒಳಗೆ ಬಿಟ್ಟರೆ ಯಂತ್ರ ಕರಕರ ಸದ್ದು ಮಾಡಿ ತಪ್ಪಿನ ಚೀಟಿ ಉಗುಳುತ್ತದೆ. ಆದರೆ ದಿನದ ಮೊದಲೆರಡು ತಪ್ಪಿಗೆ ಎಚ್ಚರಿಕೆಯಷ್ಟೇ, ಮೂರನೆಯದರಿಂದ ದಂಡ. ಹಾಗಾಗಿ ಆಟಗಾರ ಕ್ರಮೇಣ ಲೆಕ್ಕ ಹಾಕತೊಡಗುತ್ತಾನೆ: ಇವತ್ತಿನ ಕರುಣೆ ಇನ್ನೆಷ್ಟು ಉಳಿದಿದೆ? ಯಾವ ಪಾತ್ರವೂ ಈ ಮಾತು ಆಡುವುದಿಲ್ಲ. ದಂಡದ ನಿಯಮವೇ ಅದನ್ನು ಆಡಿಸುತ್ತದೆ. ನಮ್ಮ ಕಾವ್ಯಮೀಮಾಂಸೆಯ ಸಹೃದಯ ನೋಡುವವನು, ಕೇಳುವವನು. ಈ ಸಹೃದಯನ ಕೈಯಲ್ಲಿ ಸೀಲು ಇದೆ.

ಪಾಪದಲ್ಲಿ ಪಾಲುಗಾರಿಕೆ ಎಂಬ ಈ ವಸ್ತು ಹೊಸದಲ್ಲ. ಫುಮಿಟೊ ಉಎಡಾ ಅವರ ‘ಶ್ಯಾಡೋ ಆಫ್ ದ ಕೊಲೋಸಸ್’ (2005) ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲು 16 ದೈತ್ಯಜೀವಿಗಳನ್ನು ಕೊಲ್ಲಿಸುತ್ತದೆ. ‘ಬಯೋಶಾಕ್’ನಂತೆ ಇಲ್ಲೂ ಬೇರೆ ದಾರಿಯಿಲ್ಲ. ಆದರೂ ಹಾಕಿಂಗ್ ಅವರ ತಕರಾರು ಇದಕ್ಕೆ ತಗಲದು ಎಂದೇ ನನ್ನ ವಾದ. ದೈತ್ಯನ ರೋಮ ಹಿಡಿದು ಜೋತಾಡುವಷ್ಟು ಹೊತ್ತೂ ಆಟಗಾರ ಒಂದು ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ಕೆಳಗೆ. ನಾಯಕನ ಹಟವೂ ಬೆರಳಿನ ನೋವೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಹದಿಮೂರನೆಯದು ಮರಳುಗಾಡಿನ ಮೇಲೆ ಹಾರಾಡುವ ಉದ್ದನೆಯ ಜೀವಿ. ಅದು ಒಮ್ಮೆಯೂ ಮೈಮೇಲೆ ಬರುವುದಿಲ್ಲ. ಬಾಣ ಬಿಟ್ಟು ಅದರ ಗಾಳಿಚೀಲಗಳನ್ನು ಒಡೆದು, ಕೆಳಗಿಳಿದದ್ದನ್ನು ಕುದುರೆಯ ಮೇಲೆ ಅಟ್ಟಿಸಿಕೊಂಡು ಹೋಗಿ ಹತ್ತಬೇಕು. ಅದು ಉರುಳಿದಾಗ ಕೇಳಿಸುವ ಸಂಗೀತದಲ್ಲಿ ಗೆಲುವಿನ ಸುಳಿವೇ ಇಲ್ಲ.