ಹಕ್ಕು, ಪರಿಹಾರ ಮತ್ತು ಕಾಲಮಿತಿ: ಭಾರತೀಯ ಕಾನೂನಿನ ಕೆಲವು ಶಾಖೆಗಳ ತೌಲನಿಕ ವಿವೇಚನೆ

ಹಕ್ಕನ್ನು ಮಾನ್ಯ ಮಾಡುವುದು ಒಂದು, ಅದನ್ನು ಜಾರಿಗೆ ತರುವ ದಾರಿ ಒದಗಿಸುವುದು ಇನ್ನೊಂದು. ಇವೆರಡರ ನಡುವಿನ ಅಂತರ 1963ರ ಕಾಲಮಿತಿ ಕಾಯ್ದೆಯಲ್ಲಿ ಎದ್ದು ಕಾಣುತ್ತದೆ. ಮರುಪಾವತಿಯ ದಿನ ಗೊತ್ತುಪಡಿಸದೆ ಕೊಟ್ಟ ಕೈಸಾಲಕ್ಕೆ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ತಡವಾದರೆ, ಪ್ರತಿವಾದಿ ಆಕ್ಷೇಪಿಸದಿದ್ದರೂ, 3ನೇ ಕಲಮಿನಂತೆ ನ್ಯಾಯಾಲಯ ದಾವೆಯನ್ನು ವಜಾ ಮಾಡಲೇಬೇಕು. ಹಾಗೆಂದು ಸಾಲ ತೀರಿದಂತಲ್ಲ. ಸಾಲಗಾರ ಅದನ್ನು ತೀರಿಸುವುದಾಗಿ ಮತ್ತೆ ಬರೆದು ಸಹಿ ಮಾಡಿದರೆ, 1872ರ ಕರಾರು ಕಾಯ್ದೆಯ 25(3)ನೇ ಕಲಮಿನಡಿ ಆ ಮಾತು ಊರ್ಜಿತವಾಗುತ್ತದೆ. ಸ್ಥಿರಾಸ್ತಿಯ ವಿಷಯದಲ್ಲಿ ಕಾನೂನು ಇನ್ನೂ ಕಠೋರ. ಮಾಲೀಕತ್ವದ ಆಧಾರದ ಸ್ವಾಧೀನ ದಾವೆಗಿರುವ 12 ವರ್ಷದ ಅವಧಿ ಪ್ರತಿಕೂಲ ಸ್ವಾಧೀನದಲ್ಲಿ ಮುಗಿದುಹೋದರೆ, 27ನೇ ಕಲಮು ಹಕ್ಕನ್ನೇ ಅಳಿಸಿಬಿಡುತ್ತದೆ.

ಬಲವಂತದಿಂದ ಜಮೀನು ಕಳೆದುಕೊಂಡವನಿಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ ಇನ್ನೊಂದು ದಾರಿಯಿದೆ. ಮಾಲೀಕತ್ವವನ್ನು ಸಾಬೀತುಪಡಿಸದೆ, ಹಿಂದಿನ ಸ್ವಾಧೀನವನ್ನಷ್ಟೇ ತೋರಿಸಿ ಜಮೀನನ್ನು ಮರಳಿ ಪಡೆಯಬಹುದು. ಆದರೆ ಗಡುವು 6 ತಿಂಗಳು ಮಾತ್ರ, ಮತ್ತು ಸರ್ಕಾರದ ವಿರುದ್ಧ ಈ ದಾವೆ ನಡೆಯುವುದಿಲ್ಲ. ಕ್ರಯದ ಕರಾರು ಮುರಿದಾಗ ಬೇಡುವ ಪರಿಹಾರ ಬೇರೆ ಬಗೆಯದು. ಕರಾರು ಕಾಯ್ದೆಯ 73ನೇ ಕಲಮು ನಷ್ಟಭರ್ತಿಯನ್ನು ಕೊಡಿಸುತ್ತದೆ, ದೂರದ ಪರೋಕ್ಷ ನಷ್ಟಕ್ಕಲ್ಲ. ಕರಾರಿನಂತೆ ಕ್ರಯಪತ್ರವನ್ನೇ ಮಾಡಿಸಿಕೊಡಿಸುವುದು ಹಿಂದೆ ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿ ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಆದರೂ ಕರಾರಿನಲ್ಲಿ ತನ್ನ ಪಾಲಿನದನ್ನು ನೆರವೇರಿಸಲು ಸಿದ್ಧನಿದ್ದೆನೆಂದು ಖರೀದಿದಾರ ಸಾಬೀತುಪಡಿಸಬೇಕು. ಹಣ ಹೊಂದಿಸದೆ ವರ್ಷಗಟ್ಟಲೆ ಸುಮ್ಮನಿದ್ದವನಿಗೆ ಅದು ಸುಲಭವಲ್ಲ.

ಸಂವಿಧಾನದ 32ನೇ ವಿಧಿಯನ್ನು ಅಂಬೇಡ್ಕರ್ ಸಂವಿಧಾನದ ಆತ್ಮ, ಅದರ ಹೃದಯ ಎಂದು ಕರೆದರು. ಮೂಲಭೂತ ಹಕ್ಕುಗಳಿಗೆ ಅಲ್ಲಿ ಪರಿಹಾರವೂ ಒಂದು ಹಕ್ಕು. ಹೈಕೋರ್ಟಿನ 226ನೇ ವಿಧಿಯ ವ್ಯಾಪ್ತಿ ಇನ್ನೂ ದೊಡ್ಡದು. ಅದು ಇತರ ಕಾನೂನುಬದ್ಧ ಹಕ್ಕುಗಳಿಗೂ ಅನ್ವಯಿಸುತ್ತದೆ. ರುದುಲ್ ಸಾ ಪ್ರಕರಣದಲ್ಲಿ 1968ರಲ್ಲೇ ಖುಲಾಸೆಯಾದ ವ್ಯಕ್ತಿ 1982ರವರೆಗೆ ಬಿಹಾರದ ಜೈಲಿನಲ್ಲಿದ್ದ. 1983ರಲ್ಲಿ ಸುಪ್ರೀಂ ಕೋರ್ಟ್, ಮೊದಲೇ ಕೊಟ್ಟಿದ್ದ 5,000 ರೂಪಾಯಿಗೆ 30,000 ಸೇರಿಸಿ ಕೊಡಲು ಆದೇಶಿಸಿ, ಸಿವಿಲ್ ದಾವೆಯ ದಾರಿಯನ್ನೂ ತೆರೆದಿಟ್ಟಿತು. ಹದಿನಾಲ್ಕು ವರ್ಷಕ್ಕೆ ಆ ಮೊತ್ತ ತೀರ ಅಲ್ಪ, ಆದರೆ ರಿಟ್ ಅರ್ಜಿಯಲ್ಲೇ ಹಣದ ಪರಿಹಾರ ಕೊಡಬಹುದೆಂಬ ತತ್ವ ಅಲ್ಲಿ ನೆಲೆಗೊಂಡಿತು. ರಿಟ್ ಅರ್ಜಿಗೆ ಕಾಯ್ದೆಯ ಕಾಲಮಿತಿ ಇಲ್ಲ. ಆದರೂ ತಿಲೋಕ್‌ಚಂದ್ ಮೋತಿಚಂದ್ ಪ್ರಕರಣದ ಬಹುಮತ, ಅತಿಯಾದ ವಿಳಂಬ 32ನೇ ವಿಧಿಯ ಅರ್ಜಿಯನ್ನೂ ಕೆಡಿಸಬಲ್ಲದು ಎಂದಿತು.

ಗ್ರಾಹಕ ಕಾನೂನು ಈ ವಿಷಯದಲ್ಲಿ ಉದಾರ. 2019ರ ಕಾಯ್ದೆಯಡಿ 2 ವರ್ಷದೊಳಗೆ, ಸಕಾರಣವಿದ್ದರೆ ಆಮೇಲೂ, ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಗಡುವನ್ನು ಸರ್ಕಾರದ ಮೇಲೇ ಹೊರಿಸುವ ಕರ್ನಾಟಕದ ಸಕಾಲ ಕಾಯ್ದೆ ಸರ್ಕಾರಿ ಸೇವೆಯ ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ನಿಗದಿಪಡಿಸಿದೆ.

ಕಾಲ ಮತ್ತು ಹಕ್ಕಿನ ತಿಕ್ಕಾಟ ಅತಿ ತೀವ್ರವಾಗಿರುವುದು ರಾಜ್ಯದ 1978ರ ಪಿ.ಟಿ.ಸಿ.ಎಲ್. (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದ್ದರೆ ಆ ಕ್ರಯ ಅನೂರ್ಜಿತ. 5ನೇ ಕಲಮಿನಡಿ ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸಬಹುದು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅರ್ಜಿಗೆ ಕಾಯ್ದೆ ಗಡುವು ಹಾಕಿರಲಿಲ್ಲ. ಆದರೆ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು, ಸಮಂಜಸ ಅವಧಿಯೊಳಗೆ ಬರಬೇಕೆಂದು ಹೇಳಿದ ಮೇಲೆ ಎಷ್ಟೋ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದು, ಈ ಕಾಯ್ದೆಗೆ ಕಾಲಮಿತಿಯೇ ಇಲ್ಲವೆಂದು ಬರೆಯಿತು. 2024ರಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಳಂಬ ಮತ್ತು ಉಪೇಕ್ಷೆ ಬೇರೆ ಎಂದು ವಿಂಗಡಿಸಿತು. ಹೀಗೆ ವಿಳಂಬದ ಆಕ್ಷೇಪಕ್ಕೆ ಶಾಸನ ಮುಚ್ಚಿದ ಬಾಗಿಲು ಇನ್ನೊಂದು ಹೆಸರಿನಲ್ಲಿ ತೆರೆದುಕೊಂಡಿದೆ.

ಈ ವಿಂಗಡಣೆ ತರ್ಕಕ್ಕೆ ಸರಿ. ಹಲವು ಕೈ ಬದಲಾದ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಖರೀದಿದಾರನ ಸಂಕಟವೂ ನಿಜವೇ. ಆದರೆ ಯಾರೂ ಅರ್ಜಿ ಹಾಕದಿದ್ದರೂ ಸ್ವಯಂಪ್ರೇರಿತವಾಗಿ ಕ್ರಮ ಕೈಗೊಳ್ಳುವ ಅಧಿಕಾರವನ್ನು 5ನೇ ಕಲಮು ಉಪವಿಭಾಗಾಧಿಕಾರಿಗೆ ಕೊಟ್ಟಿದೆ. ಮಂಜೂರಾತಿಯ ಕಡತ, ಪಹಣಿ ಎರಡೂ ಕಂದಾಯ ಇಲಾಖೆಯ ವಶದಲ್ಲೇ ಇರುತ್ತವೆ. ಆದ್ದರಿಂದ ದಶಕಗಳ ವಿಳಂಬದಲ್ಲಿ ಸರ್ಕಾರದ ಪಾಲೂ ಇದೆ. ಅದನ್ನು ಮಂಜೂರಿದಾರನೊಬ್ಬನ ಉಪೇಕ್ಷೆಯೆಂದು ಎಣಿಸುವುದು ನ್ಯಾಯವಲ್ಲ.