ಕೀಲೆಣ್ಣೆಯಿಂದ ಜಾಬ್ ಕಾರ್ಡಿನವರೆಗೆ: ದುರಸ್ತಿ ಮಾಡುವವನ ಹೊಣೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕುಶಲ ವಿಚಾರಿಸುತ್ತ ತನ್ನ ಸಂಕಟವನ್ನು ಹೇಳಿಕೊಂಡ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವನು ತನ್ನ ಕಾರನ್ನು ದುರಸ್ತಿಗೆ ಬಿಟ್ಟಿದ್ದನಂತೆ. ಮೊದಲು ಹೇಳಿದ ಮೊತ್ತದ ಎರಡು ಪಟ್ಟು ಬಿಲ್ಲು ಬಂದಿತು. ಯಾವ ಭಾಗ ಬದಲಾಯಿತು, ಏಕೆ ಬದಲಾಯಿತು ಎಂದು ಕೇಳಿದರೆ ಅಲ್ಲಿ ಯಾರೂ ಸ್ಪಷ್ಟವಾಗಿ ಹೇಳಲಿಲ್ಲ. “ಸರ್, ಗ್ಯಾರೇಜಿನವರಿಂದ ನಾವು ಇಷ್ಟನ್ನಾದರೂ ನಿರೀಕ್ಷಿಸಬಹುದು ಎಂಬ ನಿಯಮವೇನಾದರೂ ಉಂಟೇ?” ಎಂದು ಕೇಳಿದ.

ಇತಿಹಾಸದ ಮಾಸ್ತರನಿಗೆ ಮೋಟಾರಿನ ಪ್ರಶ್ನೆ! ಮೊದಲು ನಗು ಬಂದಿತು. ಆದರೆ ರಾತ್ರಿ ಯೋಚಿಸುತ್ತ ಮಲಗಿದಾಗ, ಇದು ಮೋಟಾರಿಗಿಂತ ಹೆಚ್ಚಾಗಿ ಇತಿಹಾಸದ ಪ್ರಶ್ನೆಯೇ ಎನ್ನಿಸಿತು. ನಮ್ಮ ಪ್ರಾಣವನ್ನು ಹೊತ್ತು ಸಾಗುವ ಗಾಲಿಯನ್ನು ಇನ್ನೊಬ್ಬನ ಕೈಗೆ ಕೊಟ್ಟಾಗ, ಅವನು ಮಾಡಿದ ಕೆಲಸಕ್ಕೆ ಅವನನ್ನು ಹೊಣೆಯಾಗಿಸುವುದು ಯಾವುದು? ಯಲವಿಗಿಯಲ್ಲಿ ನಾನು ಕಂಡ ಕಾಲದೊಳಗೇ ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳು ಆಗಿಹೋಗಿವೆ.

ನನ್ನ ಬಾಲ್ಯದಲ್ಲಿ ವಾಹನವೆಂದರೆ ಚಕ್ಕಡಿ. ನಮ್ಮ ಎರೆಹೊಲಗಳ ಹತ್ತಿ, ಜೋಳ, ಮೆಣಸಿನಕಾಯಿಗಳೆಲ್ಲ ಎತ್ತಿನ ಹೆಗಲ ಮೇಲೆಯೇ ಊರಿಂದೂರಿಗೆ ಸಾಗಬೇಕಾಗಿತ್ತು. ಬೇಸಿಗೆ ಬಂತೆಂದರೆ ಗಾಲಿಯ ಕಟ್ಟಿಗೆ ಒಣಗಿ ಕುಗ್ಗಿ, ಮೇಲಿನ ಕಬ್ಬಿಣದ ಹಳಿ ಸಡಿಲಾಗುತ್ತಿತ್ತು. ಆಗ ಊರ ಹೊರಗೆ ಬಡಗಿಯೂ ಕಮ್ಮಾರನೂ ಕೂಡಿ ಕೆಲಸಕ್ಕೆ ನಿಲ್ಲುತ್ತಿದ್ದರು. ಬಡಗಿಯು ಮುರಿದ ಅರೆಗಳನ್ನು ತೆಗೆದು ಹೊಸದನ್ನು ಕೂಡಿಸುವನು. ಕಮ್ಮಾರನು ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುವನು. ಕಾದು ಹಿಗ್ಗಿದ ಹಳಿಯನ್ನು ಇಕ್ಕಳಗಳಿಂದ ಎತ್ತಿ ಗಾಲಿಗೆ ಏರಿಸಿ, ಕೂಡಲೇ ನೀರು ಸುರಿದರೆ ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿದಪ್ಪುತ್ತಿತ್ತು. ಉಷ್ಣದಿಂದ ಲೋಹ ಹಿಗ್ಗುತ್ತದೆಂಬ ಪಾಠವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ಹೊಗೆಯಲ್ಲಿ ನಿಂತು.

ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿದ್ದವು. ಚಕ್ಕಡಿಯ ಒಡೆಯ ನೀರಿನ ಕೊಡ ಹೊತ್ತು ಅಲ್ಲಿಯೇ ನಿಂತಿರುತ್ತಿದ್ದ. ದುರಸ್ತಿ ಅವನ ಕಣ್ಣೆದುರಿಗೇ ನಡೆಯುತ್ತಿತ್ತು. ತೆಗೆದ ಹಳೆಯ ಅರೆ ಅವನ ಮನೆಯ ಒಲೆಗೆ ಹೋಗುತ್ತಿತ್ತು. ಅಂದರೆ ಬದಲಾದ ಭಾಗ ಒಡೆಯನ ಕೈಗೇ ಮರಳುತ್ತಿತ್ತು. ಇನ್ನು ಕೂಲಿ ಅಂದೇ ಸಲ್ಲುತ್ತಿರಲಿಲ್ಲ. ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ, ಕಣದಲ್ಲಿ ಕಾಳು ಅಳೆದುಕೊಡುವ ಪದ್ಧತಿ ಇತ್ತು. ಗಾಲಿ ಒಂದು ಹಂಗಾಮು ಓಡಿದ ಮೇಲೆ ಅದರ ಪ್ರತಿಫಲ ಕಣಕ್ಕೆ ಬರುತ್ತಿತ್ತು. ಇಂದು ನಾವು ಗ್ಯಾರಂಟಿ ಎನ್ನುವುದು ಅಂದು ಸುಗ್ಗಿಯ ಹೆಸರಿನಲ್ಲಿತ್ತು.

ಆ ಕಾಲವನ್ನು ಹೊಗಳಿ ಕುಳಿತುಕೊಳ್ಳುವುದೂ ನ್ಯಾಯವಲ್ಲ. ತನ್ನ ಕೆಲಸದ ಬೆಲೆಯನ್ನು ತಾನೇ ಹೇಳುವ ಸ್ವಾತಂತ್ರ್ಯ ಆಯಗಾರನಿಗಿರಲಿಲ್ಲ. ಜಾತಿಯ ಕಟ್ಟುಪಾಡು ಅವನನ್ನು ಕಟ್ಟಿಹಾಕಿತ್ತು. ಮಳೆ ಕೈಕೊಟ್ಟ ವರ್ಷ ಕಣ ಬರಿದಾದರೆ ಅವನ ಹೊಟ್ಟೆಯೂ ಬರಿದಾಗುತ್ತಿತ್ತು. ಆದರೂ ಹೊಣೆಯೊಂದಿತ್ತು, ಅದು ಇದ್ದದ್ದು ಮುಖಪರಿಚಯದಲ್ಲಿ. ಗಾಲಿಯ ಕೀಲು ಕಳಚಿದರೆ ಮರುದಿನ ಬಾವಿಕಟ್ಟೆಯಲ್ಲಿ ಎದುರಾಗಲೇಬೇಕಲ್ಲ!

ಎರಡನೆಯ ಉತ್ತರ ನಮ್ಮೂರಿಗೆ ಕಬ್ಬಿಣದ ಹಳಿಗಳ ಮೇಲೆಯೇ ಬಂದಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಭಾಗದಲ್ಲಿ ರೈಲುಮಾರ್ಗಗಳನ್ನು ಹಾಕಿತು. ಅದರ ಗಾಡಿಗಳ ದುರಸ್ತಿಗಾಗಿ 1885ರಲ್ಲಿ ಹುಬ್ಬಳ್ಳಿಯ ಕಾರ್ಯಾಗಾರ ಆರಂಭವಾಯಿತು. ಅದು ಇಂದು, 2003ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿ ಮಾಡಿಕೊಂಡು ಕಾರ್ಯಾರಂಭ ಮಾಡಿದ ನೈರುತ್ಯ ರೈಲ್ವೆಗೆ ಸೇರಿದೆ.

ಯಲವಿಗಿ ನಿಲ್ದಾಣದಲ್ಲಿ ಗಾಡಿ ನಿಂತಾಗ ನಾನು ನಿಮ್ಮಲ್ಲಿ ಅನೇಕರಿಗೆ ಡಬ್ಬಿಯ ತುದಿಯ ಗೋಡೆಯನ್ನು ತೋರಿಸಿದ್ದುಂಟು, ನೆನಪಿದೆಯೇ? ಅಲ್ಲಿ ಬಣ್ಣದಲ್ಲಿ ಕೆಲವು ಅಕ್ಷರಗಳೂ ದಿನಾಂಕಗಳೂ ಬರೆದಿರುತ್ತವೆ. ಈ ಡಬ್ಬಿ ಯಾವ ಕಾರ್ಯಾಗಾರದಲ್ಲಿ, ಯಾವಾಗ ಸಂಪೂರ್ಣ ದುರಸ್ತಿಗೊಂಡಿತು, ಮತ್ತೆ ಯಾವಾಗ ಅಲ್ಲಿಗೆ ಮರಳಬೇಕು ಎಂಬುದರ ಬಹಿರಂಗ ಲೆಕ್ಕವದು. ಸಾವಿರಾರು ಪ್ರಯಾಣಿಕರಲ್ಲಿ ಒಬ್ಬರಿಗೂ ಆ ಕಾರ್ಯಾಗಾರದ ಕೆಲಸಗಾರನ ಮುಖ ಗೊತ್ತಿಲ್ಲ. ಮುಖಪರಿಚಯವಿಲ್ಲದ ಕಡೆ ಹೊಣೆಯನ್ನು ಬರವಣಿಗೆ ಹೊತ್ತಿತು. ಮಾಡಿದ ಕೆಲಸಕ್ಕೆ ಹೆಸರು ಹಾಕುವುದು, ದಿನಾಂಕ ಹಾಕುವುದು — ದುರಸ್ತಿಯ ಇತಿಹಾಸದಲ್ಲಿ ಇದು ಸಣ್ಣ ಹೆಜ್ಜೆಯಲ್ಲ.

ಮೂರನೆಯದು ಮೋಟಾರಿನ ಕಾಲ. ಪುಣೆ–ಬೆಂಗಳೂರು ಹೆದ್ದಾರಿ ನಮ್ಮ ಪಶ್ಚಿಮಕ್ಕೆ ಶಿಗ್ಗಾಂವಿ, ಬಂಕಾಪುರಗಳ ಮೇಲೆ ಹಾದು ಹಾವೇರಿಯತ್ತ ಸಾಗುತ್ತದೆ. ಲಾರಿ, ಬಸ್ಸುಗಳು ಹೆಚ್ಚಿದಂತೆ ಹೆದ್ದಾರಿಗಳ ಬದಿಯಲ್ಲಿ ಫಿಟ್ಟರುಗಳ ಗೂಡುಗಳೂ ಹೆಚ್ಚಿದವು. 1939ರ ಮೋಟಾರು ವಾಹನ ಕಾಯಿದೆಯು ಓಡಿಸುವವನಿಗೆ ಪರವಾನಗಿಯನ್ನೂ ವಾಹನಕ್ಕೆ ನೋಂದಣಿಯನ್ನೂ ಬಸ್ಸು ಲಾರಿಗಳಿಗೆ ಅರ್ಹತಾ ಪತ್ರವನ್ನೂ ಕಡ್ಡಾಯಗೊಳಿಸಿತು. ಅದರ ಸ್ಥಾನದಲ್ಲಿ ಬಂದ 1988ರ ಕಾಯಿದೆಯೂ ಇದೇ ದಾರಿಯಲ್ಲಿ ನಡೆಯಿತು. ಆದರೆ ಬ್ರೇಕನ್ನು ಬಿಚ್ಚಿ ಕಟ್ಟುವವನಿಗೆ ಅಂಥದೊಂದು ಪರವಾನಗಿ ಬೇಕೆಂದು ಹೇಳಲಿಲ್ಲ. ಊರಿನ ಬಡಗಿಯ ಮುಖಪರಿಚಯವೂ ಇಲ್ಲ, ರೈಲು ಡಬ್ಬಿಯ ಬಣ್ಣದ ಬರಹವೂ ಇಲ್ಲ. ಹೆದ್ದಾರಿಯ ಗಿರಾಕಿ ಇವೆರಡರ ನಡುವೆ ಬಿದ್ದನು.

ಹಾಗೆ ಬಿದ್ದವರಲ್ಲಿ ನಾನೂ ಒಬ್ಬ. 1994ರ ಮಾತು. ನನ್ನ ಸ್ಕೂಟರಿನ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ಹತ್ತಿರದ ಪಟ್ಟಣವೊಂದರ ಗ್ಯಾರೇಜಿನಲ್ಲಿ ಬೆಳಿಗ್ಗೆ ಬಿಟ್ಟು, ಸಂಜೆ ಹೋದಾಗ “ಬ್ರೇಕ್ ಶೂ ಬದಲಿಸಿದ್ದೇವೆ” ಎಂದರು. ಕೇಳಿದಷ್ಟು ಹಣ ಎಣಿಸಿಕೊಟ್ಟೆ. ಚೀಟಿ ಕೇಳಲಿಲ್ಲ, ಹಳೆಯ ಭಾಗ ಎಲ್ಲಿ ಎಂದೂ ಕೇಳಲಿಲ್ಲ. ಮಾಸ್ತರನಾದವನು ನಾಲ್ಕು ಕಾಸಿಗೆ ಅನುಮಾನ ಪಡುವುದು ಘನತೆಯಲ್ಲವೆಂಬ ಭಾವ. ನಾಲ್ಕನೆಯ ದಿನ ಮಗಳನ್ನು ಹಿಂದೆ ಕೂಡಿಸಿಕೊಂಡು ಬರುತ್ತಿರುವಾಗ ಎದುರಿಗೆ ಎಮ್ಮೆಗಳ ಹಿಂಡು ಬಂದಿತು. ಬ್ರೇಕು ತುಳಿದೆ, ಗಾಡಿ ನಿಲ್ಲಲಿಲ್ಲ. ರಸ್ತೆಯ ಬದಿಯ ತಗ್ಗಿಗೆ ಬಿದ್ದೆವು. ನನಗೆ ತರಚು ಗಾಯ. ಮಗಳ ಮೊಣಕೈ ಮೂಳೆ ಮುರಿಯಿತು. ಆ ವರ್ಷದ ಪರೀಕ್ಷೆಯನ್ನು ಅವಳು ಎಡಗೈಯಿಂದ ಬರೆದಳು. ಊರಿನ ಫಿಟ್ಟರನೊಬ್ಬ ಗಾಲಿ ಬಿಚ್ಚಿ ತೋರಿಸಿದಾಗ ಒಳಗೆ ಸವೆದ ಹಳೆಯ ಶೂಗಳೇ ಇದ್ದವು.

ಗ್ಯಾರೇಜಿಗೆ ಹೋಗಿ ಕೇಳಿದೆ. “ನೀವು ನಮ್ಮಲ್ಲಿಯೇ ಬಿಟ್ಟಿದ್ದಿರಿ ಎನ್ನಲಿಕ್ಕೆ ಏನು ಆಧಾರ, ಸರ್?” ಎಂಬ ಉತ್ತರ ಬಂದಿತು. ಗ್ರಾಹಕ ಸಂರಕ್ಷಣಾ ಕಾಯಿದೆ 1986ರಲ್ಲಿಯೇ ಬಂದಿತ್ತು. ಹಣ ಪಡೆದು ಮಾಡಿದ ಸೇವೆಯಲ್ಲಿ ನ್ಯೂನತೆಯಿದ್ದರೆ ಜಿಲ್ಲಾ ವೇದಿಕೆಗೆ ದೂರು ಕೊಡಬಹುದಾಗಿತ್ತು. ಕಾನೂನು ಇತ್ತು, ನನ್ನ ಕೈಯಲ್ಲಿ ಕಾಗದವಿರಲಿಲ್ಲ. ಆಧಾರವಿಲ್ಲದೆ ಇತಿಹಾಸ ಬರೆಯಬಾರದೆಂದು ತರಗತಿಯಲ್ಲಿ ಹೇಳುತ್ತಿದ್ದವನು ಒಂದು ಚೀಟಿಯನ್ನು ಕೇಳಿ ಪಡೆಯದೆ ಬಂದಿದ್ದೆ. ಮೋಸ ಅವರದಾದರೂ, ಆ ಮರೆವು ನನ್ನದು. ಮಗಳ ಕೈ ಇಂದಿಗೂ ಪೂರ್ತಿ ನೇರವಾಗುವುದಿಲ್ಲ. ಅದನ್ನು ಕಂಡಾಗಲೆಲ್ಲ ಆ ಸಂಜೆ ನೆನಪಾಗುತ್ತದೆ.

ಆಮೇಲೆ ಕುತೂಹಲದಿಂದ ಕಾನೂನಿನ ಪುಸ್ತಕಗಳನ್ನು ತಿರುವಿದೆ. ಆಶ್ಚರ್ಯವೆಂದರೆ, ಮೋಟಾರು ಹುಟ್ಟುವುದಕ್ಕಿಂತ ಮುಂಚಿನ 1872ರ ಭಾರತೀಯ ಕರಾರು ಕಾಯಿದೆಯಲ್ಲಿಯೇ ಈ ಸಂಬಂಧದ ಬುನಾದಿ ಇದೆ. ಒಂದು ಕೆಲಸಕ್ಕಾಗಿ ಮತ್ತೊಬ್ಬರ ವಸ್ತುವನ್ನು ವಶಕ್ಕೆ ಪಡೆದವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕೆಂದು ಅದರ 151ನೆಯ ಕಲಮು ಹೇಳುತ್ತದೆ. 170ನೆಯ ಕಲಮು ಕೆಲಸಗಾರನ ಪರವಾಗಿದೆ. ಶ್ರಮ, ಕೌಶಲಗಳನ್ನು ಹಾಕಿ ವಸ್ತುವನ್ನು ಸರಿಪಡಿಸಿದವನು ತನ್ನ ಕೂಲಿ ಸಲ್ಲುವವರೆಗೆ, ಬೇರೆ ಕರಾರು ಇಲ್ಲದಿದ್ದರೆ, ಅದನ್ನು ತನ್ನಲ್ಲಿ ಇಟ್ಟುಕೊಳ್ಳಬಹುದು. ವಜ್ರಕ್ಕೆ ಹೊಳಪು ಕೊಟ್ಟ ಕುಶಲಿಯ ಉದಾಹರಣೆಯನ್ನು ಕಾಯಿದೆಯೇ ಕೊಟ್ಟಿದೆ. ಅಂದರೆ ಗಿರಾಕಿಗೆ ಹಕ್ಕಿರುವಂತೆ ಗ್ಯಾರೇಜಿನವನಿಗೂ ಹಕ್ಕಿದೆ. ನನ್ನ ಶಿಷ್ಯರಲ್ಲಿ ಗ್ಯಾರೇಜು ನಡೆಸುವವರೂ ಇದ್ದೀರಿ. ಈ ಮಾತು ನಿಮಗಾಗಿ.

1986ರ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದನ್ನು ಓದುವಾಗ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು: ಮಾರಿದ ವಸ್ತುವಿಗೆ ಅಥವಾ ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದನ್ನೇ ಅದು ಅನ್ಯಾಯದ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಅಂದು ನನಗೆ ಇಲ್ಲದಿದ್ದ ಚೀಟಿ ಇಂದು ಗಿರಾಕಿಯ ಹಕ್ಕು. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ತಾನು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ಸಲಹೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಇನ್ನೊಂದು ಬೆಳವಣಿಗೆಯನ್ನೂ ಹೇಳಬೇಕು. ಗಾಡಿಗಳ ಒಳಗೆ ಎಲೆಕ್ಟ್ರಾನಿಕ್ ಯಂತ್ರಗಳು ಸೇರಿದಂತೆ ರಸ್ತೆಬದಿಯ ಫಿಟ್ಟರನ ಸ್ಪಾನರು ಸಾಲದಾಯಿತು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲಂತೂ ಹೊಸ ಬೈಕುಗಳಲ್ಲಿಯೂ ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂದಿತು. ದೋಷ ಕಂಡುಹಿಡಿಯಲು ಕಂಪನಿಯ ಉಪಕರಣ, ಕಂಪನಿಯ ಬಿಡಿಭಾಗ ಬೇಕು. ಇವನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ ಕಾರಣಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಆ ಆದೇಶ ಮೇಲ್ಮನವಿಗಳಿಗೆ ಹೋಯಿತಾದರೂ, ದುರಸ್ತಿಯೂ ಒಂದು ಹಕ್ಕು ಎಂಬ ವಿಚಾರ ನಮ್ಮಲ್ಲಿ ಬೇರೂರಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಕುರಿತು ಸಮಿತಿಯನ್ನು ರಚಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ವಾಹನ ದುರಸ್ತಿಯ ಹಕ್ಕಿಗೆ ಮತ ಹಾಕಿದ್ದರು.

ಈಗ ನನ್ನ ಶಿಷ್ಯನ ಪ್ರಶ್ನೆಗೆ ಉತ್ತರ. ಗ್ಯಾರೇಜಿನಿಂದ ಗಿರಾಕಿ ಇಷ್ಟನ್ನು ನಿರೀಕ್ಷಿಸಬೇಕು.

ಮೊದಲನೆಯದು, ಗಾಡಿ ಬಿಡುವಾಗ ಜಾಬ್ ಕಾರ್ಡು. ಅದರಲ್ಲಿ ದಿನಾಂಕ, ಓಡಿದ ಕಿಲೋಮೀಟರು, ನಿಮ್ಮ ದೂರು ಇವೆಲ್ಲ ಇರಬೇಕು. “ಕ್ಲಚ್ ಬದಲಿಸಿ” ಎನ್ನಬೇಡಿ. “ಏರು ಹತ್ತುವಾಗ ಎಳೆಯುವುದಿಲ್ಲ” ಎಂದು ಲಕ್ಷಣವನ್ನು ಬರೆಸಿರಿ. ರೋಗಿಯು ನೋವು ಹೇಳಬೇಕು, ಔಷಧ ಹೇಳಬಾರದು.

ಎರಡನೆಯದು, ಕೆಲಸಕ್ಕೆ ಮುನ್ನ ಅಂದಾಜು ಮೊತ್ತ. ಬಿಚ್ಚಿದ ಮೇಲೆ ಹೊಸ ದೋಷ ಕಾಣುವುದು ಸಹಜ. ಆಗ ನಿಮ್ಮನ್ನು ಕೇಳಿ, ಒಪ್ಪಿಗೆ ಪಡೆದು ಮುಂದುವರಿಯಬೇಕು.

ಮೂರನೆಯದು, ತೆಗೆದ ಹಳೆಯ ಭಾಗ ನಿಮಗೆ ಮರಳಬೇಕು, ಕನಿಷ್ಠ ಕಣ್ಣಿಗೆ ಬೀಳಬೇಕು. ಹಳೆಯದನ್ನು ಕೊಟ್ಟು ಹೊಸದರ ಬೆಲೆಯಲ್ಲಿ ರಿಯಾಯಿತಿ ಪಡೆಯುವ ಭಾಗಗಳಾದರೆ ಆ ಮಾತನ್ನು ಮೊದಲೇ ಆಡಿಕೊಳ್ಳಿರಿ.

ನಾಲ್ಕನೆಯದು, ಬಿಡಿಭಾಗದ ಬೆಲೆ ಬೇರೆ, ಕೂಲಿ ಬೇರೆ ತೋರಿಸಿದ ಬಿಲ್ಲು. ಹಾಕಿದ ಭಾಗ ಮೂಲ ಕಂಪನಿಯದೋ, ಬೇರೆಯದೋ ಎಂಬುದು ಅದರಲ್ಲಿ ತಿಳಿಯಬೇಕು. ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ ಎಂಬುದೂ ಬಾಯಿಮಾತಿನಲ್ಲಿ ಉಳಿಯದೆ ಬರಹಕ್ಕೆ ಇಳಿಯಬೇಕು.

ಐದನೆಯದು, ಹಣ ಕೊಡುವ ಮುನ್ನ ಗಾಡಿಯನ್ನು ಓಡಿಸಿ ನೋಡುವ ಅವಕಾಶ. ಬ್ರೇಕಿನ ಕೆಲಸವಾಗಿದ್ದರೆ ಇದನ್ನು ಎಂದೂ ಬಿಡಬೇಡಿರಿ.

ಇವಕ್ಕೆಲ್ಲ ಪ್ರತಿಯಾಗಿ ಗಿರಾಕಿಯಿಂದಲೂ ನಿರೀಕ್ಷೆಯಿದೆ. ಒಪ್ಪಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ದೋಷ ಹುಡುಕಲು ಹಿಡಿದ ಹೊತ್ತಿಗೂ ಬೆಲೆಯುಂಟೆಂದು ತಿಳಿಯಬೇಕು. ಎರಡು ವರ್ಷ ಎಣ್ಣೆ ಬದಲಿಸದೆ ಓಡಿಸಿ ಇಂಜಿನ್ನು ಹೋದಾಗ ಮೆಕ್ಯಾನಿಕನನ್ನು ಬೈಯಬಾರದು. ಎತ್ತು ಕಟ್ಟುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುವುದು ಬಡಗಿಯ ಕೆಲಸವಾಗಿರಲಿಲ್ಲ, ಒಡೆಯನದಾಗಿತ್ತು.

ಚೀಟಿ ಕೇಳುವುದು ಅನುಮಾನದ ಗುರುತೆಂದು ಅನೇಕರು ಸಂಕೋಚಪಡುತ್ತಾರೆ. ನಾನೂ ಹಾಗೆಯೇ ಸಂಕೋಚಪಟ್ಟವನು. ಒಳ್ಳೆಯ ಕೆಲಸಗಾರನಿಗೆ ತನ್ನ ಕೆಲಸದ ಕೆಳಗೆ ಹೆಸರು ಬರೆಯುವುದು ಅವಮಾನವಲ್ಲ. ಹುಬ್ಬಳ್ಳಿಯ ಕಾರ್ಯಾಗಾರದ ದಿನಾಂಕ ಹೊತ್ತ ಡಬ್ಬಿಗಳು ಇಂದಿಗೂ ನಮ್ಮ ನಿಲ್ದಾಣವನ್ನು ಹಾದುಹೋಗುತ್ತವೆ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಮಕ್ಕಳಿಗೂ ತೋರಿಸಿರಿ.

ಎಲ್ಲರ ಪ್ರಯಾಣವೂ ಸುಖಕರವಾಗಿರಲಿ. ಗಾಡಿ ಓಡಿಸುವ ಮುನ್ನ ಒಮ್ಮೆ ಬ್ರೇಕು ನೋಡಿರಿ.