ವರದಿ ವಿನ್ಯಾಸ ಸಾಧನಗಳು: ವ್ಯವಹಾರ ತಂತ್ರಾಂಶಕ್ಕೆ ಆಯ್ಕೆ

ವರದಿ ವಿನ್ಯಾಸ ಸಾಧನ: ಡೇಟಾಬೇಸಿನಲ್ಲಿರುವ ಮಾಹಿತಿಯನ್ನು ಬಿಲ್ಲು, ಲೆಡ್ಜರು, ಸಂಬಳ ಚೀಟಿ, ದಾಸ್ತಾನು ಪಟ್ಟಿ ಮೊದಲಾದ ರೂಪದಲ್ಲಿ ಮುದ್ರಿಸಿಕೊಡಲು ತಂತ್ರಾಂಶ ರಚಿಸುವವರು ಬಳಸುವ ಸಲಕರಣೆ. ಇದರಲ್ಲಿ ಎರಡು ಭಾಗಗಳಿವೆ. ಪುಟದ ನಕ್ಷೆ ಹಾಕುವ ಡಿಸೈನರ್ ಒಂದು. ಆ ನಕ್ಷೆಗೆ ಮಾಹಿತಿ ತುಂಬಿ ಪಿಡಿಎಫ್, ಎಕ್ಸೆಲ್ ಅಥವಾ ಪ್ರಿಂಟರಿಗೆ ಕಳಿಸುವ ಎಂಜಿನ್ ಇನ್ನೊಂದು. ಡಿಸೈನರ್ ಇರುವುದು ಡೆವಲಪರ್‌ನ ಮೇಜಿನ ಮೇಲೆ. ಎಂಜಿನ್ ಮಾತ್ರ ಗಿರಾಕಿಯ ಸರ್ವರಿನಲ್ಲಿ ವರ್ಷಗಟ್ಟಲೆ ಓಡಬೇಕು. ಕೊಳ್ಳುವಾಗ ಎಲ್ಲರೂ ಡಿಸೈನರನ್ನು ನೋಡಿ ಮೆಚ್ಚುತ್ತಾರೆ. ಮುಂದೆ ಕಾಡುವುದು ಎಂಜಿನ್ನೇ. ಆದ್ದರಿಂದ ಪರೀಕ್ಷೆ ಮುದ್ರಿತ ಕಾಗದದಿಂದ ಶುರುವಾಗಿ ಹಿಂದಕ್ಕೆ ಬರುವುದು ಒಳ್ಳೆಯದು.

ಈ ಕೆಲಸಕ್ಕೆಂದೇ ಒಂದು ಭಾಷೆ ಹುಟ್ಟಿದ್ದು 1959ರಲ್ಲಿ. ಐಬಿಎಂ ತನ್ನ 1401 ಕಂಪ್ಯೂಟರಿಗಾಗಿ ತಂದ ಆರ್‌ಪಿಜಿ ಭಾಷೆಯ ಹೆಸರಿನ ಅರ್ಥವೇ 'ವರದಿ ಪ್ರೋಗ್ರಾಂ ತಯಾರಕ'. ಪಂಚ್ ಕಾರ್ಡುಗಳನ್ನು ಓದಿ, ಗುಂಪು ಬದಲಾದಾಗ ಮೊತ್ತ ಹಾಕಿ, ಸಾಲುಸಾಲಾಗಿ ಮುದ್ರಿಸುವ ಅಂದಿನ ಕ್ರಮವೇ ಇಂದಿನ ಡಿಸೈನರುಗಳಲ್ಲಿ 'ಬ್ಯಾಂಡ್' ಆಗಿ ಉಳಿದಿದೆ. ಪುಟದ ತಲೆಗೊಂದು ಪಟ್ಟಿ, ಗುಂಪಿನ ತಲೆಗೊಂದು, ದಾಖಲೆಗೊಮ್ಮೆ ಮರುಕಳಿಸುವ ವಿವರದ ಪಟ್ಟಿ, ಕೆಳಗೆ ಗುಂಪಿನ ಮೊತ್ತ, ಪುಟದ ಅಡಿ. ಕ್ರಿಸ್ಟಲ್ ರಿಪೋರ್ಟ್ಸ್, ಜಾಸ್ಪರ್‌ರಿಪೋರ್ಟ್ಸ್, ಫಾಸ್ಟ್‌ರಿಪೋರ್ಟ್ ಎಲ್ಲವೂ ಈ ಕಟ್ಟಿನವು. ಮೈಕ್ರೋಸಾಫ್ಟ್ 2004ರಲ್ಲಿ ತಂದ ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವೀಸಸ್ ಮಾತ್ರ ಬ್ಯಾಂಡ್ ಬಿಟ್ಟು ಕೋಷ್ಟಕ ಮತ್ತು ಮ್ಯಾಟ್ರಿಕ್ಸ್‌ಗಳನ್ನು ಆಧಾರ ಮಾಡಿಕೊಂಡಿತು.

ಲೆಕ್ಕದ ಪುಸ್ತಕ ಬರೆದವರಿಗೆ ಗೊತ್ತಿರುವ ಒಂದು ಪದ್ಧತಿ ಇಲ್ಲಿ ಒಳ್ಳೆಯ ಒರೆಗಲ್ಲು. ಪುಟ ಮುಗಿದಾಗ ಅಲ್ಲಿಯವರೆಗಿನ ಮೊತ್ತವನ್ನು ಕೆಳಗೆ ಬರೆದು, ಮುಂದಿನ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ ತಂದದ್ದು' ಎಂದು ಅದನ್ನೇ ಮತ್ತೆ ಬರೆಯುವುದು. ಪುಟ ಎಲ್ಲಿ ಮುರಿಯಿತೆಂದು ಎಂಜಿನ್ನಿಗೆ ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಬ್ಯಾಂಡ್ ಎಂಜಿನ್ನುಗಳಿಗೆ ಇದು ಸಹಜ. ಎಚ್‌ಟಿಎಂಎಲ್ ಪುಟ ಬರೆದು ಬ್ರೌಸರಿನಿಂದ ಪಿಡಿಎಫ್ ಮಾಡಿಸುವ ದಾರಿಯಲ್ಲಿ ಕೋಷ್ಟಕದ ತಲೆಬರಹ ಪುಟಪುಟಕ್ಕೂ ಮರುಕಳಿಸುತ್ತದೆ, ಆದರೆ ಪುಟದ ಮೊತ್ತ ಸುಲಭಕ್ಕೆ ಸಿಗದು. ಇನ್ನೂರು ಪುಟದ ಲೆಡ್ಜರು ಕೇಳುವ ಗಿರಾಕಿಯಿದ್ದರೆ ಇದೊಂದೇ ಅಂಶ ಆಯ್ಕೆಯನ್ನು ತೀರ್ಮಾನಿಸಬಹುದು.

ವರದಿಯ ಆಯುಸ್ಸು ಅದರ ಸಾಧನವನ್ನು ಮಾಡಿದ ಕಂಪನಿಯ ಆಯುಸ್ಸಿಗಿಂತ ದೊಡ್ಡದು. ಕ್ರಿಸ್ಟಲ್ ರಿಪೋರ್ಟ್ಸ್ ಚರಿತ್ರೆ ಇದಕ್ಕೆ ಸಾಕ್ಷಿ. ಕೆನಡಾದ ವ್ಯಾಂಕೂವರಿನಲ್ಲಿ ಬೆಳೆದ ಈ ಸಾಧನ 1994ರಲ್ಲಿ ಸೀಗೇಟ್ ಕೈಗೆ, 2003ರಲ್ಲಿ ಬಿಸಿನೆಸ್ ಆಬ್ಜೆಕ್ಟ್ಸ್‌ಗೆ, 2007-08ರಲ್ಲಿ ಎಸ್‌ಎಪಿಗೆ ಹೋಯಿತು. ವಿಷುಯಲ್ ಸ್ಟುಡಿಯೋ 2008ರವರೆಗೆ ಜೊತೆಯಲ್ಲೇ ಬರುತ್ತಿದ್ದದ್ದು ಮುಂದೆ ಬೇರೆಯಾಗಿ ಇಳಿಸಿಕೊಳ್ಳಬೇಕಾದ ವಸ್ತುವಾಯಿತು. ಡಾಟ್‌ನೆಟ್ ಕೋರ್ ಬಂದಾಗ ಅದಕ್ಕೆ ಬೆಂಬಲ ಸಿಗಲಿಲ್ಲ. ಅದರ ವರದಿ ಕಡತ ಬೈನರಿ ರೂಪದ್ದು, ಬೇರೆ ಸಾಧನ ಅದನ್ನು ಸಲೀಸಾಗಿ ಓದಲಾರದು. ನೂರಾರು ವರದಿಗಳನ್ನು ಅದರಲ್ಲೇ ಬರೆದಿಟ್ಟವರು ಇಡೀ ತಂತ್ರಾಂಶವನ್ನೇ ಹಳೆಯ ಡಾಟ್‌ನೆಟ್‌ಗೆ ಕಟ್ಟಿಹಾಕಿಕೊಳ್ಳಬೇಕಾಯಿತು. ಜಾಸ್ಪರ್‌ರಿಪೋರ್ಟ್ಸ್ 2001ರಲ್ಲಿ ಟಿಯೊಡೊರ್ ಡಾನ್ಚು ಆರಂಭಿಸಿದ ಮುಕ್ತ ತಂತ್ರಾಂಶ. ಅದರ ಕಂಪನಿಯೂ 2014ರಲ್ಲಿ ಟಿಬ್ಕೊ ಪಾಲಾಯಿತು. ಆದರೆ ಮೂಲ ಸಂಕೇತ ಮುಕ್ತವಾಗಿದ್ದು, ವರದಿ ಎಕ್ಸ್‌ಎಂಎಲ್ ಪಠ್ಯವಾಗಿದ್ದುದರಿಂದ ಬಳಸುವವರ ಕೈ ಖಾಲಿಯಾಗಲಿಲ್ಲ. ಎಕ್ಲಿಪ್ಸ್ ಪ್ರತಿಷ್ಠಾನದ ಬರ್ಟ್ ಸಾಧನದ ವರದಿ ಕಡತ, ಮೈಕ್ರೋಸಾಫ್ಟ್ ರಿಪೋರ್ಟಿಂಗ್ ಸರ್ವೀಸಸ್‌ನ ಆರ್‌ಡಿಎಲ್ ಕಡತ ಕೂಡ ಎಕ್ಸ್‌ಎಂಎಲ್ ರೂಪದವು. ಇಂಥ ಕಡತವನ್ನು ಗಿಟ್‌ನಲ್ಲಿಟ್ಟರೆ ಯಾರು ಯಾವ ಸಾಲು ಬದಲಿಸಿದರೆಂದು ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಚಂದದ ಚಾರ್ಟುಗಳಿಗಿಂತ ಇದು ಹೆಚ್ಚು ಬೆಲೆಬಾಳುವ ಗುಣ.

ಭಾರತದ ಗಿರಾಕಿಗೆ ತಂತ್ರಾಂಶ ಮಾಡುವವರು ಅಂಕಿಯ ಅಲ್ಪವಿರಾಮವನ್ನು ಮೊದಲ ದಿನವೇ ನೋಡಬೇಕು. ನಾವು 12,34,567 ಎಂದು ಬರೆಯುತ್ತೇವೆ. ಡಾಟ್‌ನೆಟ್‌ನಲ್ಲಿ ಭಾರತದ ಲೊಕೇಲ್ ಆರಿಸಿದರೆ ಲಕ್ಷ ಕೋಟಿಯ ಗುಂಪು ತಾನಾಗಿ ಬರುತ್ತದೆ. ಜಾವಾದ ಮೂಲ ಡೆಸಿಮಲ್‌ಫಾರ್ಮ್ಯಾಟ್ ಒಂದೇ ಅಳತೆಯ ಗುಂಪನ್ನಷ್ಟೇ ಬಲ್ಲದು. ಮಾದರಿಯನ್ನು #,##,### ಎಂದು ಬರೆದರೂ 1,234,567 ಎಂದೇ ಮುದ್ರಿಸುತ್ತದೆ. ಐಸಿಯು ಗ್ರಂಥಾಲಯ ಸೇರಿಸಿದರೆ ತೊಂದರೆ ನೀಗುತ್ತದೆ. ಮೊತ್ತವನ್ನು ಅಕ್ಷರದಲ್ಲಿ ಬರೆಯಲು ಕ್ರಿಸ್ಟಲ್‌ನಲ್ಲಿ ಸಿದ್ಧ ಸೂತ್ರವಿದೆ, ಆದರೆ ಅದರ ಲೆಕ್ಕ ಸಾವಿರ, ಮಿಲಿಯನ್‌ನದು. ಲಕ್ಷ ಬೇಕಿದ್ದರೆ ಸ್ವಂತ ಸೂತ್ರ ಬರೆಯಬೇಕು.

ಕನ್ನಡದಲ್ಲಿ ಮುದ್ರಿಸುವುದು ಇನ್ನೂ ಕಠಿಣ ಪರೀಕ್ಷೆ. ಯೂನಿಕೋಡಿನಲ್ಲಿ 'ಲಕ್ಷ್ಮಿ' ಎಂಬುದು ಬಿಡಿ ವ್ಯಂಜನ, ಹಲಂತ, ಸ್ವರಚಿಹ್ನೆಗಳ ಸಾಲು. ಒತ್ತಕ್ಷರವನ್ನು ಕೆಳಗಿಳಿಸಿ, ಗುಣಿತವನ್ನು ಕೂಡಿಸಿ, ಓದುವ ಆಕಾರ ಕೊಡುವುದು ಫಾಂಟಿನ ಓಪನ್‌ಟೈಪ್ ನಿಯಮಗಳನ್ನು ಓದಬಲ್ಲ ಎಂಜಿನ್ನಿನ ಕೆಲಸ. ಅನೇಕ ಹಳೆಯ ಪಿಡಿಎಫ್ ಗ್ರಂಥಾಲಯಗಳಿಗೆ, ಅವುಗಳ ಮೇಲೆ ನಿಂತ ವರದಿ ಎಂಜಿನ್ನುಗಳಿಗೆ, ಆ ಶಕ್ತಿಯಿಲ್ಲ. ಪರದೆಯ ಮೇಲೆ ಸರಿಯಾಗಿದ್ದ ಹೆಸರು ಪಿಡಿಎಫ್‌ನಲ್ಲಿ 'ಲಕ್‌ಷ್‌ಮಿ' ಎಂದು ಚೂರಾಗಿ ಬರುತ್ತದೆ. ಒಬ್ಬ ರೈತನ ಹೆಸರನ್ನು ಅವನೇ ಗುರುತಿಸಲಾಗದಂತೆ ಕಾಗದದ ಮೇಲೆ ಮುರಿಯುವುದು ಸಣ್ಣ ತಪ್ಪಲ್ಲ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಆಕಾರಗಳೇ ಸಂಕೇತಗಳಾಗಿದ್ದುದರಿಂದ ಮುದ್ರಣ ಸರಿಬರುತ್ತಿತ್ತು, ಆದರೆ ಹುಡುಕುವುದು, ಅಕಾರಾದಿಯಲ್ಲಿ ಜೋಡಿಸುವುದು ಕೆಡುತ್ತಿತ್ತು. ಆ ಕಡೆಗೆ ಮರಳುವುದು ಪರಿಹಾರವಲ್ಲ. ಕ್ರೋಮ್ ಬ್ರೌಸರಿನ ಒಳಗಿರುವ ಅಕ್ಷರ ಕೂಡಿಸುವ ಎಂಜಿನ್ ಹಾರ್ಫ್‌ಬಝ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ. ಹಾಗಾಗಿ ಕನ್ನಡದ ಪತ್ರ, ರಸೀದಿಗಳಿಗೆ ಎಚ್‌ಟಿಎಂಎಲ್ ದಾರಿ ಗಟ್ಟಿಯಾದದ್ದು. ಆದರೆ ಇದೇ ದಾರಿಯ ಜನಪ್ರಿಯ ಸಾಧನ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್‌ನ ಅಭಿವೃದ್ಧಿ ನಿಂತು, 2023ರಲ್ಲಿ ಅದರ ಮೂಲ ಸಂಕೇತವನ್ನು ಆರ್ಕೈವ್‌ಗೆ ಸರಿಸಿಬಿಟ್ಟರು. ಹೊಸ ಕೆಲಸಕ್ಕೆ ಅದು ಬೇಡ.

ಜಿಎಸ್‌ಟಿ 2017ರ ಜುಲೈ 1ರಿಂದ ಜಾರಿಯಾದ ಮೇಲೆ ಇನ್‌ವಾಯ್ಸಿನ ವಿನ್ಯಾಸಕ್ಕೆ ಕಾನೂನಿನ ಮಾತೂ ಸೇರಿತು. ಸರಕಿನ ಬಿಲ್ಲು ಮೂರು ಪ್ರತಿಯಲ್ಲಿರಬೇಕು: ಕೊಂಡವರಿಗೆ ಮೂಲ, ಸಾಗಿಸುವವರಿಗೆ ಎರಡನೆಯದು, ಮಾರಿದವರಿಗೆ ಮೂರನೆಯದು. ಒಂದೇ ಬಿಲ್ಲನ್ನು ಬೇರೆ ಬೇರೆ ತಲೆಬರಹದೊಡನೆ ಮೂರು ಸಲ ಮುದ್ರಿಸುವುದು ಕೆಲವು ಸಾಧನಗಳಲ್ಲಿ ಒಂದು ಸಾಲಿನ ಕೆಲಸ, ಕೆಲವುಗಳಲ್ಲಿ ದಿನವಿಡೀ ಒದ್ದಾಟ. 2023ರ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಿಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ ಕ್ಯೂಆರ್ ಕೋಡ್ ಮುದ್ರಿಸುವ ಸಾಮರ್ಥ್ಯವೂ ಬೇಕು.

ಅಂಗಡಿ, ಗೋದಾಮುಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಜೀವಂತ. ಕಾರ್ಬನ್ ಪ್ರತಿ ಅದರಿಂದ ಮಾತ್ರ ಬರುತ್ತದೆ. ವರದಿ ಸಾಧನ ಪುಟವನ್ನು ಚಿತ್ರವಾಗಿ ಕಳಿಸಿದರೆ ಆ ಪ್ರಿಂಟರ್ ಸಾಲುಸಾಲಿಗೂ ತೆವಳುತ್ತದೆ. ಬರಿಯ ಅಕ್ಷರಗಳಾಗಿ ಕಳಿಸಿದರೆ ಸರಸರನೆ ಓಡುತ್ತದೆ. ಪಠ್ಯರೂಪದ ಮುದ್ರಣ ಇದೆಯೇ ಎಂದು ಕೇಳದೆ ಹಣ ಕೊಡಬಾರದು.

ಪರವಾನಗಿಯ ವಿಷಯ ಚಿಕ್ಕದಾಗಿ ಹೇಳಬಹುದು. ಡೆವಲಪರ್ ಒಬ್ಬರಿಗಿಷ್ಟು ಎಂದು ದರವೋ, ಸರ್ವರಿಗಿಷ್ಟು ಎಂದೋ, ಗಿರಾಕಿಗೆ ಹಂಚಲು ಬೇರೆ ಶುಲ್ಕವಿದೆಯೋ ನೋಡಬೇಕು. ಮುಕ್ತ ಪರವಾನಗಿಗಳೂ ಒಂದೇ ತೆರನಲ್ಲ: ಪಿಡಿಎಫ್ ತಯಾರಿಸುವ ಗ್ರಂಥಾಲಯ ಐಟೆಕ್ಸ್ಟ್ 2009ರಲ್ಲಿ ಐದನೆಯ ಆವೃತ್ತಿಯೊಂದಿಗೆ, ಬಳಸುವವರ ಸಂಕೇತವನ್ನೂ ಮುಕ್ತಗೊಳಿಸಲು ಕೇಳುವ ಎಜಿಪಿಎಲ್ ಪರವಾನಗಿಗೆ ಬದಲಾದಾಗ, ಸ್ವಂತ ಸಂಕೇತ ಬಿಟ್ಟುಕೊಡಲಾಗದ ಕಂಪನಿಗಳು ಹಣ ಕೊಡಬೇಕಾಯಿತು, ಇಲ್ಲವೇ ಹಳೆಯ ಆವೃತ್ತಿಯಲ್ಲೇ ಉಳಿಯಬೇಕಾಯಿತು. ಸರ್ವರ್ ಲಿನಕ್ಸ್ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಡಾಟ್‌ನೆಟ್ 6ರಿಂದ ಸಿಸ್ಟಂ.ಡ್ರಾಯಿಂಗ್ ಚಿತ್ರಗ್ರಂಥಾಲಯ ವಿಂಡೋಸಿಗೆ ಸೀಮಿತವಾಗಿದೆ. ಅದನ್ನೇ ನೆಚ್ಚಿದ ವರದಿ ಎಂಜಿನ್ ಲಿನಕ್ಸ್‌ನಲ್ಲಿ ಓಡದೆ ನಿಲ್ಲುತ್ತದೆ.

ಮಾರಾಟಗಾರರು ತೋರಿಸುವ ಮಾದರಿ ವರದಿ ನೋಡಿ ಆರಿಸಬಾರದು. ಗಿರಾಕಿಯ ಬಳಿಯಿರುವ ವರದಿಗಳಲ್ಲಿ ಅತ್ಯಂತ ತಲೆನೋವಿನದನ್ನು, ಅಂದರೆ ಗುಂಪಿನೊಳಗೆ ಗುಂಪಿರುವ, ಪುಟದ ಮೊತ್ತ ಬೇಕಾದ, ಕನ್ನಡ ಹೆಸರುಗಳ ಲೆಡ್ಜರನ್ನು, ಆಯ್ಕೆಯ ಎರಡು ಮೂರು ಸಾಧನಗಳಲ್ಲೂ ಕಟ್ಟಿ ನೋಡಬೇಕು. ನೂರು ಸಾಲಿಗೆ ಚುರುಕಾದ ಉಪವರದಿ (ವರದಿಯೊಳಗೆ ಕೂರಿಸಿದ ಇನ್ನೊಂದು ವರದಿ), ಸಾಲಿಗೊಮ್ಮೆ ಡೇಟಾಬೇಸಿಗೆ ಓಡುವುದರಿಂದ, ಲಕ್ಷ ಸಾಲಿಗೆ ಕುಸಿಯಬಹುದು. ಜಾಸ್ಪರ್ ತುಂಬಿದ ಪುಟಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ, ಡಿಸ್ಕಿಗೆ ಇಳಿಸುವ 'ವರ್ಚುವಲೈಸರ್' ಬೇರೆಯಾಗಿ ಹಚ್ಚಬೇಕು. ಪರೀಕ್ಷೆ ನಡೆಯಬೇಕಾದದ್ದು ಗಿರಾಕಿಯ ಒಂದು ಪೂರ್ತಿ ವರ್ಷದ ಮಾಹಿತಿಯ ಮೇಲೆ, ಅವರದೇ ಪ್ರಿಂಟರಿನಲ್ಲಿ.